ಅಮ್ಮನ ಗಿಡದ ಕೆಂಪು ಚಿಗುರು

ನಮ್ಮ ನರ್ಸರಿಯ ಗೇಟಿನ ಪಕ್ಕ ಒಂದು ಕಲ್ಲುಬೆಂಚು. ಬೆಳಗಿನ ಹೊತ್ತು ಅದರ ಮೇಲೆ ಯಾರಾದರೊಬ್ಬರು ಗುಲಾಬಿ ಎಲೆ ಹಿಡಿದುಕೊಂಡು ಕೂತೇ ಇರುತ್ತಿದ್ದರು. ಕೆಲವರು ಪ್ಲಾಸ್ಟಿಕ್ ಕವರಿನಲ್ಲಿ ತರುತ್ತಿದ್ದರು, ಕೆಲವರು ಪೇಪರಿನಲ್ಲಿ ಸುತ್ತಿಕೊಂಡು. ಬೇಕರಿ ಅತ್ತೆ ಒಂದು ಸಲ ಕನ್ನಡಕದ ಡಬ್ಬಿಯಲ್ಲಿ ಎಲೆ ಇಟ್ಟುಕೊಂಡು ಬಂದು, ಕನ್ನಡಕ ಎಲ್ಲಿಟ್ಟೆ ಅಂತ ಆಮೇಲೆ ಎರಡು ದಿನ ಬೀದಿಯವರಿಂದೆಲ್ಲ ಹುಡುಕಿಸಿದಳು. ಅವಳು ನಮಗೆ ಸಂಬಂಧದಲ್ಲಿ ಅತ್ತೆಯಲ್ಲ, ಬೀದಿಗೆಲ್ಲ ಅತ್ತೆ. ನನ್ನಪ್ಪ ಹಾಗೆಯೇ ಬೀದಿಗೆಲ್ಲ ಡಾಕ್ಟ್ರು.

"ಯಾವಾಗ ನೀರು ಹಾಕ್ತೀರಿ?" ಅಂತ ಅಪ್ಪನ ಮೊದಲ ಪ್ರಶ್ನೆ.

"ಸಾಯಂಕಾಲ ಡಾಕ್ಟ್ರೇ, ಬಿಸಿಲು ಇಳಿದ ಮೇಲೆ."

"ಬುಡಕ್ಕೋ, ಎಲೆ ಮೇಲೋ?"

"ಮೈತುಂಬಾ ಹಾಕ್ತೀನಿ. ಪಾಪ, ಅದಕ್ಕೂ ಸೆಕೆ ಅಲ್ವಾ?"

"ನಿಮ್ಮನ್ನ ದಿನಾ ಸಾಯಂಕಾಲ ಬಟ್ಟೆ ಸಮೇತ ನೆನೆಸಿ ಹಾಗೇ ಮಲಗಿಸಿದ್ರೆ ಏನಾಗುತ್ತೆ?"

"ಶೀತ ಆಗುತ್ತೆ."

"ಅದಕ್ಕೆ ಕಪ್ಪು ಚುಕ್ಕೆ ಆಗುತ್ತೆ. ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ. ಉದುರಿದ ಎಲೆ ಒಂದೂ ಬಿಡದೆ ಗುಡಿಸಿ ಸುಟ್ಟುಬಿಡಿ. ಔಷಧಿ ಆಮೇಲೆ ನೋಡೋಣ."

ಎಲೆಯ ಮೇಲೆ ಬಿಳಿ ಪುಡಿ ಕೂತಿದ್ದರೆ ಬೂದಿ ರೋಗ, ನಡುವಿನ ಕೊಂಬೆ ತೆಗೆದು ಗಾಳಿಗೆ ದಾರಿ ಮಾಡಿ ಅನ್ನುತ್ತಿದ್ದ. ಎಲೆ ತಿರುಗಿಸಿದಾಗ ಕಿತ್ತಳೆ ಪುಡಿ ಬೆರಳಿಗೆ ಅಂಟಿದರೆ ತುಕ್ಕು. ಕೊಂಬೆ ತುದಿಯಿಂದ ಕಪ್ಪಾಗಿ ಒಣಗುತ್ತಾ ಬಂದಿದ್ದರೆ, ಒಳಗಿನ ತಿರುಳು ಬೆಳ್ಳಗೆ ಕಾಣುವ ತನಕ ಕೆಳಕ್ಕೆ ಕತ್ತರಿಸಬೇಕು, ಒಂದೊಂದು ಏಟಿಗೂ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಒಳಗಿನಿಂದ ಅಮ್ಮ ಕೂಗುತ್ತಿದ್ದಳು: "ಮೂರು ತಿಂಗಳಿಂದ ಕೆಮ್ಮುತ್ತಿದ್ದಾರೆ ನಮ್ಮನೆ ಡಾಕ್ಟ್ರು. ಅದಕ್ಕೂ ಒಂದು ಎಲೆ ಕಿತ್ತು ತೋರಿಸ್ಬೇಕೇನೋ!"

ರೋಗ ಅಪ್ಪನ ಪಾಲಿಗೆ, ಹೂವು ಅಮ್ಮನ ಪಾಲಿಗೆ. ಒಂದು ಗಿಡದ ಹೂವಿನ ಪುಡಿಯನ್ನು ಸಣ್ಣ ಬ್ರಷ್ಷಿನಲ್ಲಿ ತೆಗೆದು ಇನ್ನೊಂದರ ಹೂವಿಗೆ ಸವರುವುದು, ಕಾಗದದ ಚೀಲ ಕಟ್ಟುವುದು, ಕಾಯಿ ಹಣ್ಣಾದ ಮೇಲೆ ಬೀಜ ಬಿತ್ತುವುದು. ಹನ್ನೊಂದು ವರ್ಷ ಮಾಡಿದಳು. ನೂರಾರು ಸಸಿ ಹುಟ್ಟಿದವು, ಎಲ್ಲವನ್ನೂ "ಇದು ಅವರಮ್ಮನ ಹಾಗೇ ಇದೆ, ಇದು ಅವರಪ್ಪನ ಹಾಗೆ" ಅಂತ ಕಿತ್ತು ಹಾಕಿದಳು. ಒಂದನ್ನು ಮಾತ್ರ ಉಳಿಸಿಕೊಂಡಳು. ಅಡುಗೆಮನೆ ಗೋಡೆಯ ಪಕ್ಕ ನೆಟ್ಟಳು. ಅದರ ಹೂವಿಗೆ ಹೊರಗೆ ಹಳೇ ಕಾಗದದ ಬಣ್ಣ, ಒಳಗೆ ಬಿಸಿಲಿಗೆ ಹಿಡಿದ ಮಗುವಿನ ಕಿವಿಯ ಬಣ್ಣ. ಮುಳ್ಳು ಬಲು ಕಡಿಮೆ, ಅಮ್ಮ ಬರಿಗೈಯಲ್ಲೇ ಕೊಂಬೆ ಬಗ್ಗಿಸಿ ಮೂಸುತ್ತಿದ್ದಳು. ಹೆಸರಿಡು ಅಂದರೆ, "ನಿನಗೆ ಹೆಸರು ಹುಡುಕೋದ್ರಲ್ಲೇ ಸಾಕಾಯ್ತು ನನಗೆ" ಅಂತಿದ್ದಳು. ಅದು ಅಮ್ಮನ ಗಿಡ ಅಂತಲೇ ಉಳಿಯಿತು.

ಆಸ್ಪತ್ರೆಯಲ್ಲಿ ಕೊನೆಯ ವಾರ ಅಮ್ಮ ಮಾತಾಡಿದ್ದೆಲ್ಲ ಅದರದ್ದೇ. "ಮನೇಲಿ ಒಂದೇ ಒಂದಿದೆ ಅದು. ಯಾವತ್ತಾದ್ರೂ ಹಂದಿ ಬಂದು ಕೆದಕಿದ್ರೆ ಮುಗೀತು. ಬೀದಿಯ ಒಂದೊಂದು ಮನೆಗೂ ಒಂದೊಂದು ಕಸಿ ಕಟ್ಟಿಕೊಡಿ ಅಂತ ನಿಮ್ಮಪ್ಪನಿಗೆ ಹೇಳು."

"ಎದುರಿಗೇ ಕೂತಿದ್ದೀನಲ್ಲೇ, ನನಗೇ ಹೇಳು," ಅಂದ ಅಪ್ಪ.

"ನಿಮಗೆ ಹೇಳಿದ್ರೆ ಆಯ್ತು ಅಂತೀರಿ. ಅವಳಿಗೆ ಹೇಳಿದ್ರೆ ಮಾಡಿಸ್ತಾಳೆ."

ಅಮ್ಮ ಹೋದ ಮೇಲೆ ಗಿಡ ಒಂದು ವರ್ಷ ಮಂಕಾಗಿ ನಿಂತಿತು. ನೀರು ಹಾಕುವ ಕೈ ಬದಲಾಗಿತ್ತು, ಅದಕ್ಕಿರಬೇಕು ಅಂದುಕೊಂಡೆವು. ಅಪ್ಪನೂ ಹಾಗೆಯೇ ಇದ್ದ. ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದ, ಬೆಂಚಿನ ಮೇಲೆ ಬಂದು ಕೂತವರಿಗೆ ಎರಡು ಮಾತಿನಲ್ಲಿ ಉತ್ತರ ಹೇಳಿ ಕಳಿಸುತ್ತಿದ್ದ. ಆಮೇಲೆ ಒಂದು ಬೆಳಿಗ್ಗೆ ಹಿತ್ತಲಿನಿಂದ ಕೂಗಿದ. ನಾನು ಮಣ್ಣು ಕಲಸುತ್ತಿದ್ದ ಕೈಯಲ್ಲೇ ಓಡಿದೆ.

ಗಿಡದ ಒಂದು ಮಗ್ಗುಲಿನಿಂದ ಚಿಗುರು ಎದ್ದಿತ್ತು. ಹೆಬ್ಬೆರಳಿನ ಗಾತ್ರ, ಕಡುಕೆಂಪು, ವಾರದಲ್ಲಿ ಒಂದು ಮೊಳ ಬೆಳೆದಿತ್ತು.

"ನೋಡಿದ್ಯಾ? ಸಿಟ್ಟು ಬಿಟ್ಟಳು ನಿಮ್ಮಮ್ಮ!"

ಕೈ ಚಾಚಿ ಚಿಗುರು ಮುಟ್ಟಿದೆ, ಚುಚ್ಚಿತು. ಬೆರಳಿಡಲು ಜಾಗವಿಲ್ಲದಷ್ಟು ಮುಳ್ಳು, ಮೆತ್ತಗಿನ ಸಣ್ಣ ಮುಳ್ಳು, ಒತ್ತೊತ್ತಾಗಿ.

"ಅಪ್ಪಾ, ಈ ಗಿಡಕ್ಕೆ ಇಷ್ಟು ಮುಳ್ಳು ಇರ್ಲಿಲ್ವಲ್ಲ."

"ಹುರುಪು ಜಾಸ್ತಿಯಾದ್ರೆ ಮುಳ್ಳೂ ಜಾಸ್ತಿ."

"ಕೆಂಪು ಕೂಡ... ಇಷ್ಟು ಹೊತ್ತಿಗೆ ಹಸಿರಿಗೆ ತಿರುಗ್ಬೇಕಿತ್ತು ಅಲ್ವಾ?"

"ನಲವತ್ತು ವರ್ಷದಿಂದ ಕಸಿ ಕಟ್ತಿದ್ದೀನಿ ಮಗಳೇ. ನನಗೆ ಚಿಗುರು ತೋರಿಸ್ತೀಯಾ?"

ಬೈದಿದ್ದಲ್ಲ, ನಗುತ್ತಾ ಹೇಳಿದ್ದು. ಅವತ್ತು ಮಧ್ಯಾಹ್ನ ಅಪ್ಪ ತಟ್ಟೆ ಪೂರ್ತಿ ಖಾಲಿ ಮಾಡಿ, ಇನ್ನೂ ಸ್ವಲ್ಪ ಹಾಕು ಅಂದ. ನಾನು ಮುಳ್ಳಿನ ಮಾತು ಮತ್ತೆ ಎತ್ತಲಿಲ್ಲ.

ಕಸಿಗೆ ಕಣ್ಣು ಆರಿಸುವುದರಲ್ಲಿ ಅಪ್ಪನಿಗೆ ಒಂದೇ ನಿಯಮ: ಗಿಡದಲ್ಲಿ ಯಾವ ಚಿಗುರಿಗೆ ಜೀವ ಹೆಚ್ಚೋ ಅದರ ಕಣ್ಣು ತೆಗಿ. ನಾವು ಮಾರುವ ಪ್ರತಿ ಗುಲಾಬಿಯ ಕೆಳಗೂ ಒಂದು ಕಾಡು ಗುಲಾಬಿ ಇರುತ್ತದೆ. ಬೇರು ಅದರದು. ಅದರ ತೊಗಟೆಯನ್ನು ಚಾಕುವಿನಲ್ಲಿ ಸೀಳಿ, ಬೇಕಾದ ಗಿಡದ ಕಣ್ಣನ್ನು, ಅಂದರೆ ಚಿಗುರೊಡೆಯುವ ಮೊಗ್ಗನ್ನು, ಒಳಗೆ ಕೂರಿಸಿ ಪಟ್ಟಿ ಸುತ್ತುತ್ತೇವೆ. ಅದು ಹಿಡಿದ ಮೇಲೆ ಕಾಡು ಗಿಡದ ತಲೆ ಕತ್ತರಿಸುತ್ತೇವೆ. ಅಪ್ಪ ಆ ಕೆಂಪು ಚಿಗುರುಗಳಿಂದ ಇಪ್ಪತ್ತಾರು ಕಣ್ಣು ತೆಗೆದ. ಇಪ್ಪತ್ಮೂರು ಹಿಡಿದವು. ನಮ್ಮ ಬೀದಿಯಲ್ಲಿ ಇಪ್ಪತ್ಮೂರು ಮನೆ. "ಲೆಕ್ಕ ಹಾಕಿಯೇ ಹೋಗಿದ್ದಾಳೆ," ಅಂದ. ನಾವಿಬ್ಬರೂ ಕೈಗಾಡಿಯಲ್ಲಿಟ್ಟು ಮನೆಮನೆಗೆ ಕೊಟ್ಟು ಬಂದೆವು. ಬೇಕರಿ ಅತ್ತೆ ಗಿಡವನ್ನು ಮಗುವಿನ ಹಾಗೆ ಎತ್ತಿಕೊಂಡು ಅತ್ತಳು. ಅಲ್ಲಿಂದ ಒಂದೂವರೆ ವರ್ಷ ಅಪ್ಪ ಬೀದಿಯಲ್ಲಿ ನಡೆದರೆ ಒಂದೊಂದು ಕಾಂಪೌಂಡಿನ ಮುಂದೂ ನಿಲ್ಲುತ್ತಿದ್ದ. ಹಾಲು ತರಲು ಹೋದರೆ ಒಂದು ಗಂಟೆ.

ಚಿಗುರುಗಳು ಎಲ್ಲ ಕಡೆಯೂ ಕೆಂಪಗೇ ಬಂದವು. ಕೆಂಪಗೇ ಉಳಿದವು. ಒಂದೇ ಗಂಟಿನಿಂದ ಹತ್ತು ಹದಿನೈದು ಕಡ್ಡಿ ಹೊರಟು ಪೊರಕೆ ಕಟ್ಟಿದ ಹಾಗಾಯಿತು. ಎಲೆ ಸಣ್ಣದಾಗಿ ಮುದುರಿಕೊಂಡಿತು. ಮೊಗ್ಗು ಬಂದರೂ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೂ ಯಾರೋ ಹಿಂಡಿ ಎಸೆದ ಬಟ್ಟೆಯ ಹಾಗಿರುತ್ತಿತ್ತು. ಬೆಂಚಿನ ಮೇಲೆ ಎಲ್ಲರೂ ಒಂದೇ ಥರದ ಎಲೆ ಹಿಡಿದುಕೊಂಡು ಕೂರತೊಡಗಿದರು.

ಅಪ್ಪ ಮೊದಲು ಗೊಬ್ಬರ ಹೆಚ್ಚಾಯಿತು ಅಂದ. ಆಮೇಲೆ ನುಸಿ ಅಂದ. ಆಮೇಲೆ ಮೂಲೆಮನೆ ಮೇಷ್ಟ್ರ ಗೇಟಿನ ಹತ್ತಿರ ಹುಲ್ಲು ಹಳದಿಯಾಗಿ ಸತ್ತಿದ್ದು ಕಣ್ಣಿಗೆ ಬಿತ್ತು. ಕಳೆಗೆ ಹೊಡೆಯುವ ಔಷಧಿ ಗುಲಾಬಿಗೆ ತಾಗಿದರೂ ಎಲೆ ಹೀಗೇ ಮುದುರುತ್ತದೆ, ಕಡ್ಡಿ ಹೀಗೇ ಗುಂಪಾಗುತ್ತದೆ. ಅದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕೆಟ್ಟದ್ದಾಯಿತು.

"ಮೇಷ್ಟ್ರೇ, ಕಳೆ ಔಷಧಿ ಹೊಡೆದ್ರಾ?"

"ಗೇಟಿನ ಬುಡಕ್ಕೆ ಒಂದು ಲೋಟದಷ್ಟು..."

"ಒಂದು ಲೋಟ! ಗಾಳಿಗೆ ಹಾರಿ ಇಡೀ ಬೀದಿ ಗಿಡದ ಮೇಲೆ ಕೂತಿದೆ ನಿಮ್ಮ ಒಂದು ಲೋಟ! ಮೂವತ್ತು ವರ್ಷ ಮಕ್ಕಳ ತಲೆ ಕೆಡಿಸಿದ್ದು ಸಾಲ್ಲಿಲ್ಲ ಅಂತ ಈಗ ಸತ್ತವಳ ಗಿಡಕ್ಕೂ ಕೈ ಹಾಕಿದ್ರಾ?"

ಬೀದಿಯೆಲ್ಲ ಕೇಳಿಸುವ ಹಾಗೆ ಹೇಳಿದ. ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಲ್ಲಿಂದ ಎರಡು ತಿಂಗಳು ಬೀದಿಯವರು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರು ಸಂಜೆ ವಾಕಿಂಗಿಗೆ ಹಿಂದಿನ ರಸ್ತೆ ಹಿಡಿದರು.

ಕೊನೆಗೆ ನಾನೇ ಅಪ್ಪನಿಗೆ ಹೇಳದೆ ಫೋಟೋ ತೆಗೆದು ಕೃಷಿ ಕಾಲೇಜಿಗೆ ಕಳಿಸಿದೆ. ಮೂರನೇ ದಿನ ಅಲ್ಲಿನ ಸಸ್ಯರೋಗದ ಮೇಡಂ ಸ್ಕೂಟರಿನಲ್ಲಿ ಬಂದರು. ಹೊಗಳಿಕೆಯಿಲ್ಲ, ಪೀಠಿಕೆಯಿಲ್ಲ. ಅಡುಗೆಮನೆ ಗೋಡೆಯ ಹತ್ತಿರ ಹೋಗಿ ನಿಂತರು. ಒಂದು ಕೆಂಪು ಚಿಗುರು ಬಗ್ಗಿಸಿದರು. ಅದು ಮುರಿಯಲಿಲ್ಲ, ರಬ್ಬರಿನ ಹಾಗೆ ಬಾಗಿತು.

"ಇದು ವೈರಸ್. ಕಣ್ಣಿಗೆ ಕಾಣದ ಒಂದು ನುಸಿ ಹೊತ್ತು ತರುತ್ತೆ, ಗಾಳೀಲಿ ತೇಲಿಕೊಂಡು. ಎಲ್ಲೋ ಬೇಲಿ ಗುಲಾಬಿಯಿಂದ ಬಂದಿರ್ಬೇಕು. ಇದಕ್ಕೆ ಔಷಧಿ ಇಲ್ಲ."

"ಯಾವ ಔಷಧಿ ಇಲ್ಲ?" ಅಪ್ಪ ಕೇಳಿದ, ಬೇರೆ ಯಾವುದೋ ಇದೆ ಅನ್ನುವ ಹಾಗೆ.

"ಯಾವುದೂ ಇಲ್ಲ ಸರ್. ಬೇರು ಸಮೇತ ಕಿತ್ತು, ಅಲ್ಲೇ ಚೀಲಕ್ಕೆ ತುಂಬಿ ಸುಡಬೇಕು. ಬೇರಿನ ಚೂರು ಉಳಿದ್ರೂ ಅದರಿಂದ ಮತ್ತೆ ಇದೇ ಬರುತ್ತೆ."

"ಈ ಕಡೆ ಕೊಂಬೆ ಚೆನ್ನಾಗಿದೆಯಲ್ಲಮ್ಮ. ನೋಡಿ, ಹಸಿರಿದೆ. ಇದರಲ್ಲಿ ಎರಡು ಕಣ್ಣು ತೆಗೆದು..."

"ಎರಡೂ ಕಡೆ ಹರಿಯೋದು ಒಂದೇ ರಸ ಅಲ್ವಾ ಸರ್?" ಮೇಡಂ ದನಿ ಸ್ವಲ್ಪ ಇಳಿಸಿದರು. "ಬೀದಿ ಗಿಡಗಳೆಲ್ಲ ಒಂದೇ ಸಲಕ್ಕೆ ಹೀಗಾಗಿದ್ದಾವೆ. ಕಣ್ಣು ಯಾವ ಕೊಂಬೆಯಿಂದ ತೆಗೆದ್ರಿ?"

ಅಪ್ಪ ಕೈ ಎತ್ತಿ ಕೆಂಪು ಮಗ್ಗುಲನ್ನು ತೋರಿಸಿದ.

"ಮುಳ್ಳು ನೋಡ್ಲಿಲ್ವಾ?"

"ನನ್ನ ಮಗಳು ನೋಡಿದ್ಲು," ಅಂದ ಅಪ್ಪ.

ನನ್ನ ಕಡೆ ತಿರುಗಿ ಹೇಳಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು. ಒಂದು ಮಾತು ಹೇಳಿ ಸುಮ್ಮನಾದವಳು ನಾನು, ಆ ಬೆಳಿಗ್ಗೆ ಜಗಳ ಮಾಡಿ ಚಾಕು ಕಿತ್ತುಕೊಂಡಿದ್ದರೆ ಹಸಿರು ಕೊಂಬೆಯಲ್ಲಿ ಆಗಿನ್ನೂ ರೋಗ ಇಳಿಯದ ಕಣ್ಣು ಸಿಗುತ್ತಿತ್ತೋ ಏನೋ. ಮೇಡಂಗೆ ಅದನ್ನು ಕೇಳಬೇಕು ಅಂತ ಬಾಯಿಗೆ ಬಂತು. ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಮರುದಿನ ಸಲಿಕೆ, ಗುದ್ದಲಿ, ದಪ್ಪ ಪ್ಲಾಸ್ಟಿಕ್ ಚೀಲಗಳನ್ನು ಅದೇ ಕೈಗಾಡಿಗೆ ಹಾಕಿಕೊಂಡು ಹೊರಟೆವು. ಅಪ್ಪ ಮೊದಲು ಹೋಗಿದ್ದು ಮೇಷ್ಟ್ರ ಮನೆಗೆ.

"ಬನ್ನಿ ಡಾಕ್ಟ್ರೇ," ಮೇಷ್ಟ್ರು ಬಾಗಿಲಲ್ಲೇ ನಿಂತು ಅಂದರು. "ಈ ಸಲ ಯಾವ ವಿಷ ಹೊಡೆದೆ ಅಂತ ಹೇಳೋಕೆ ಬಂದ್ರಿ?"

"ವಿಷ ಹೊಡೆದಿದ್ದು ನಾನು ಮೇಷ್ಟ್ರೇ. ರೋಗದ ಕಣ್ಣು ಕಟ್ಟಿ ನಿಮ್ಮ ಮನೆಗೆ ತಂದುಕೊಟ್ಟವನು ನಾನು. ನಿಮ್ಮ ತಪ್ಪೇನೂ ಇಲ್ಲ. ಗಿಡ ಕೀಳಬೇಕು, ಅದಕ್ಕೆ ಬಂದೆ."

"ಬೀದಿಲಿ ನಿಂತು ಅಂದಿದ್ದನ್ನ ಬಾಗಿಲಲ್ಲಿ ನಿಂತು ವಾಪಸ್ ತಗೋತೀರಾ?" ಅಂದರು ಮೇಷ್ಟ್ರು. ಅಪ್ಪ ಬೀದಿಗೆ ಇಳಿದ. ನಡುರಸ್ತೆಯಲ್ಲಿ ನಿಂತು, ಅದೇ ಗಟ್ಟಿ ದನಿಯಲ್ಲಿ, ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದ. ಕಿಟಕಿಗಳು ತೆರೆದವು. ಹೇಳಿ ಮುಗಿಸಿ ಸಲಿಕೆ ಎತ್ತಿಕೊಂಡ. ಮೇಷ್ಟ್ರು ಬಂದು ಚೀಲದ ಬಾಯಿ ಹಿಡಿದುಕೊಂಡರು. ಆದರೆ ಆಮೇಲೆ ಅವರು ನಮ್ಮ ಬೆಂಚಿಗೆ ಬರಲಿಲ್ಲ.

ಹೀಗೆ ಪ್ರತಿ ಮನೆಯಲ್ಲೂ. ಕೆಲವರು ಪರವಾಗಿಲ್ಲ ಬಿಡಿ ಅಂದರು, ಕೆಲವರು ಅಂಗಳ ಅಗೆದು ಹಾಳುಮಾಡಿದ್ರಲ್ಲ ಅಂದರು. ಒಬ್ಬರು, ಸರಿಯಾಗಿ ಗೊತ್ತಿಲ್ಲದವರು ಡಾಕ್ಟ್ರು ಅನ್ನಿಸಿಕೊಳ್ಳಬಾರದು ಅಂದರು. ಅಪ್ಪ ಎಲ್ಲದಕ್ಕೂ "ಹೌದು" ಅಂದ. ಬೇಕರಿ ಅತ್ತೆ ಮಾತ್ರ ಗಿಡದ ಮುಂದೆ ಸ್ಟೂಲು ಹಾಕಿಕೊಂಡು ಕೂತುಬಿಟ್ಟಳು. ಸಂಧಿವಾತದಿಂದ ತಿರುಚಿಕೊಂಡ ಬೆರಳುಗಳನ್ನು ಅಪ್ಪನ ಮುಖಕ್ಕೆ ಹಿಡಿದಳು.

"ನನ್ನದೂ ಮುದುರಿದೆ ನೋಡಿ ಡಾಕ್ಟ್ರೇ. ನನ್ನನ್ನೂ ಚೀಲಕ್ಕೆ ತುಂಬ್ತೀರಾ?"

"ಅತ್ತೆ, ಇದರಿಂದ ಪಕ್ಕದ ಬೀದಿ ಗಿಡಕ್ಕೂ ಹೋಗುತ್ತೆ," ಅಂದೆ ನಾನು.

"ಹೋಗ್ಲಿ. ಆ ಬೀದಿಯವರು ನಿಮ್ಮಮ್ಮನ್ನ ನೋಡೋಕೆ ಆಸ್ಪತ್ರೆಗೆ ಬಂದಿದ್ರಾ?"

ಮೂರು ದಿನ ಬಿಡಲಿಲ್ಲ. ನಾಲ್ಕನೇ ದಿನ ಅವಳೇ ಹೇಳಿಕಳಿಸಿದಳು. ಗಿಡ ಕೀಳುವಾಗ ಒಳಗೆ ಹೋಗಿ ಒಲೆಯ ಮುಂದೆ ನಿಂತಿದ್ದಳು.

ಕೊನೆಗೆ ನಮ್ಮದು. ಅಡುಗೆಮನೆ ಗೋಡೆಯ ಅಡಿಗೇ ಬೇರು ನುಗ್ಗಿತ್ತು. ಅಪ್ಪ ನನಗೆ ಗುದ್ದಲಿ ಕೊಡಲಿಲ್ಲ. ಅಗೆದು, ಕೈಹಾಕಿ ಕೆದಕಿ, ಮಣ್ಣನ್ನು ಜರಡಿ ಹಿಡಿದು ಕೂದಲೆಳೆಯಷ್ಟು ಬೇರನ್ನೂ ಆರಿಸಿದ. ಎಲ್ಲವನ್ನೂ ನರ್ಸರಿಯ ಹಿಂದೆ ಸುಟ್ಟೆವು. ಹಸಿ ಕಡ್ಡಿ, ಬೇಗ ಹತ್ತಲಿಲ್ಲ. ಸೀಮೆಎಣ್ಣೆ ಸುರಿಯಬೇಕಾಯಿತು.

ಬೆಂಕಿಯ ಹತ್ತಿರ ಬಂದು ನಿಂತ ಬೇಕರಿ ಅತ್ತೆ ಹೊಗೆಗೆ ಉರಿದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ, "ಇನ್ನು ಟೈಲರಮ್ಮನದ್ದೂ ಕೀಳ್ತೀರೇನು?" ಅಂದಳು.

"ಯಾವ ಟೈಲರಮ್ಮ?" ಅಪ್ಪ ತಿರುಗಿದ.

"ಅದೇ, ನಮ್ಮ ಬೇಕರಿ ಮಹಡೀಲಿ ಹೊಲೀತಿದ್ಲಲ್ಲ. ರೈಲ್ವೆ ಹಳಿ ಆಚೆಗೆ ಮನೆ ಮಾಡಿದಾಗ ನಿಮ್ಮನೆಯವಳು ಒಂದು ಗಿಡ ಕೊಟ್ಟಿದ್ಲು. ತಾನೇ ಕಸಿ ಕಟ್ಟಿದ್ದು, ಮೊದಲನೇ ಸಲ ಸರಿಯಾಗಿ ಹಿಡೀತು, ನಮ್ಮನೆಯವರಿಗೆ ಹೇಳ್ಬೇಡ ನಗ್ತಾರೆ ಅಂದಿದ್ಲು. ಆರೇಳು ವರ್ಷ ಆಯ್ತು."

ಅಪ್ಪ ಕೈಯಲ್ಲಿದ್ದ ಕೋಲನ್ನು ನಿಧಾನಕ್ಕೆ ಕೆಳಗಿಟ್ಟ. ಆರೇಳು ವರ್ಷ ಅಂದರೆ ರೋಗ ಬರುವುದಕ್ಕಿಂತ ಎಷ್ಟೋ ಮುಂಚೆ. ಹಳಿಯ ಆಚೆ ಅಂದರೆ ನಾಲ್ಕು ಮೈಲಿ. ಅಲ್ಲಿಗೆ ಆ ನುಸಿ ಮುಟ್ಟಿರಲಿಕ್ಕಿಲ್ಲ.

ಮಾರನೇ ಬೆಳಿಗ್ಗೆ ಅಪ್ಪ ಎರಡು ಸಲ ಸ್ನಾನ ಮಾಡಿದ. ನುಸಿ ಬಟ್ಟೆಯಲ್ಲಿ ಹೋದೀತು ಅಂತ ಬೀರುವಿನ ತಳದಿಂದ ಮಡಿಸಿಟ್ಟ ಅಂಗಿ ತೆಗೆದ, ನನಗೂ ತಲೆ ತೊಳೆದುಕೋ ಅಂದ. ಹೊಸ ಚಾಕು, ಹೊಸ ಪಟ್ಟಿ, ಕಣ್ಣು ಸುತ್ತಲು ಒದ್ದೆ ಬಟ್ಟೆ. ಬಸ್ಸಿನಲ್ಲಿ ಒಂದೇ ಸಮ ಮಾತಾಡಿದ. "ಮೂರು ಕಣ್ಣು ಸಾಕು. ಮೂರರಲ್ಲಿ ಒಂದು ಹಿಡಿದ್ರೂ ಸಾಕು. ನಮ್ಮ ಮಣ್ಣಲ್ಲಿ ಬೇಡ, ಟೈಲರಮ್ಮನ ಮನೇಲೇ ಕುಂಡದಲ್ಲಿ ಕಟ್ಟೋಣ. ಎರಡು ವರ್ಷ ಕಾಯೋಣ. ಕಾಯೋಕೇನು?"

ಟೈಲರಮ್ಮ ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಬಾಗಿಲು ತೆರೆದಳು. ಅಪ್ಪನ ಕೈ ಹಿಡಿದುಕೊಂಡು, "ಅಕ್ಕನ ಸುದ್ದಿ ನನಗೆ ತಡವಾಗಿ ಗೊತ್ತಾಯ್ತು ಭಾವ," ಅಂತ ಕಣ್ಣೀರು ಹಾಕಿದಳು. ವಿಷಯ ಹೇಳಿದ ಕೂಡಲೇ ಮುಖ ಅರಳಿತು. "ಇದೆ! ಚೆನ್ನಾಗಿದೆ! ಮೇಲೆ ಬನ್ನಿ."

ಕಿರಿದಾದ ಮೆಟ್ಟಿಲು. ಅಪ್ಪ ಎರಡೆರಡು ಹತ್ತಿದ.

ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ದೊಡ್ಡ ಡ್ರಮ್ಮಿನಲ್ಲಿ ಗಿಡ ಆಳೆತ್ತರ ಬೆಳೆದು ಗೋಡೆಯ ಆಚೆಗೂ ಬಾಗಿತ್ತು. ಎಲೆ ಹಸಿರು, ರೋಗವಿಲ್ಲ. ಮೈತುಂಬ ಗೊಂಚಲು ಗೊಂಚಲು ಹೂವು. ಸಣ್ಣವು, ಬಿಳಿ, ಐದೇ ಎಸಳು.

ಅಪ್ಪ ಅಲ್ಲೇ ನಿಂತ.

"ಕೊಟ್ಟಾಗ ದೊಡ್ಡ ಹೂ ಬಿಟ್ಟಿತ್ತು ಭಾವ, ಎರಡು ಮೂರು," ಟೈಲರಮ್ಮ ಹೇಳುತ್ತಿದ್ದಳು. "ಆಮೇಲೆ ಒಂದು ಬೇಸಿಗೆ ನಾನು ಮಗಳ ಬಾಣಂತನಕ್ಕೆ ಹೋದೆ, ಪೂರ್ತಿ ಒಣಗಿಹೋಯ್ತು. ಬಿಸಾಕೋಣ ಅಂತಿದ್ದೆ. ನೋಡಿದ್ರೆ ಬುಡದಿಂದ ತಾನೇ ಎದ್ದು ಬಂತು! ಥೇಟ್ ಅಕ್ಕನ ಹಾಗೇ, ಹಟಮಾರಿ. ದಿನಾ ಬೆಳಿಗ್ಗೆ ನೀರು ಹಾಕುವಾಗ ಮಾತಾಡಿಸ್ತೀನಿ. ನಿನ್ನೆ ಬ್ಲೌಸ್ ಕೆಡಿಸಿದ್ದನ್ನೂ ಹೇಳಿದ್ದೀನಿ."

ಅಪ್ಪ ಮೊಣಕಾಲೂರಿ ಕೂತು ಡ್ರಮ್ಮಿನ ಮಣ್ಣು ಸರಿಸಿದ. ನಾನೂ ಬಗ್ಗಿದೆ. ಬುಡದಲ್ಲಿ ಕಸಿ ಕಟ್ಟಿದ ಗಂಟಿತ್ತು. ಅದರ ಮೇಲೆ ಹೆಬ್ಬೆರಳುದ್ದದ ಕಪ್ಪು ಮೋಟು. ಅಪ್ಪ ಚಾಕುವಿನ ತುದಿಯಿಂದ ಕೆರೆದ. ಒಳಗೂ ಕಪ್ಪು, ಪುಡಿಪುಡಿಯಾಯಿತು. ಉಳಿದ ಕೊಂಬೆಗಳೆಲ್ಲ ಗಂಟಿನ ಕೆಳಗಿನಿಂದ ಎದ್ದಿದ್ದವು. ಕೆಳಗಿದ್ದ ಕಾಡು ಗುಲಾಬಿ ಬದುಕಿತ್ತು. ಅಮ್ಮನದು ಆ ಬೇಸಿಗೆಯಲ್ಲೇ ಸತ್ತುಹೋಗಿತ್ತು.

"ಏನು ಭಾವ? ಹುಳ ಹತ್ತಿದೆಯಾ?" ಟೈಲರಮ್ಮ ಗಾಬರಿಯಾದಳು. ನನ್ನ ಕಡೆ ತಿರುಗಿದಳು. "ಅಕ್ಕನದೇ ತಾನೇ ಇದು?"

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಒಂದು ವಾರ ಮನೆಮನೆಯ ಮುಂದೆ ನಿಂತು ನಿಜ ಹೇಳಿದ ಮನುಷ್ಯ.

"ಹೌದು ಚಿಕ್ಕಮ್ಮ," ಅಂದೆ. "ಅಮ್ಮನದೇ."

"ಹುಳ ಇಲ್ಲ," ಅಪ್ಪ ಮಣ್ಣನ್ನು ಮತ್ತೆ ಗಂಟಿನ ಮೇಲೆ ಮುಚ್ಚಿದ. "ಚೆನ್ನಾಗಿ ನೋಡಿಕೊಂಡಿದ್ದೀಯಮ್ಮ. ಒಳಗೆ ಸ್ವಲ್ಪ ಕೊಂಬೆ ಒತ್ತಾಗಿದೆ, ಎರಡು ತೆಗಿ, ಗಾಳಿ ಆಡ್ಲಿ."

"ತೆಗೆದಿದ್ದನ್ನ ನೀವೇ ತಗೊಂಡು ಹೋಗಿ ಮತ್ತೆ! ನಿಮ್ಮ ಮನೇಲಿ ಈಗ ಒಂದೂ ಇಲ್ಲ ಅಂದ್ರಲ್ಲ."

ಬೇಡ ಅನ್ನುವುದರೊಳಗೆ ಬಟ್ಟೆ ಕತ್ತರಿಯಲ್ಲೇ ಐದಾರು ಕಡ್ಡಿ ಕತ್ತರಿಸಿ, ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಸುತ್ತಿ, ನೀರು ಚಿಮುಕಿಸಿ ಅಪ್ಪನ ಕೈಗಿಟ್ಟಳು. ಟೀ ಕುಡಿಸಿದಳು. ಬಸ್ ಸ್ಟಾಪಿನ ತನಕ ಬಂದು ಬಿಟ್ಟಳು.

ಬಸ್ಸಿನಲ್ಲಿ ಅಪ್ಪ ಕಡ್ಡಿಗಳನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡು ಕೂತ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಯಾವ ಹೂವು ಯಜಮಾನ್ರೇ?"

"ಹೂವಿಗಲ್ಲ ಇದು. ಬೇರಿಗೆ. ಇದರ ಮೇಲೆ ಬೇರೆ ಗಿಡದ ಕಣ್ಣು ಕೂರಿಸೋದು."

"ಹೌದಾ? ನೀವು ಯಾವುದರ ಕಣ್ಣು ಕೂರಿಸ್ತೀರಿ?"

ಅಪ್ಪ ಹೇಳಲು ಬಾಯಿ ತೆರೆದ. ಆ ಮನುಷ್ಯ ಕಾಯುತ್ತಿದ್ದ. ನಾನು ಎದ್ದು, "ನಮ್ಮ ಸ್ಟಾಪ್ ಬಂತು ಅಪ್ಪಾ," ಅಂದೆ. ಬಂದಿರಲಿಲ್ಲ. ರೈಲ್ವೆ ಗೇಟಿನ ಹತ್ತಿರವೇ ಇಳಿದೆವು. ಗೇಟು ಹಾಕಿತ್ತು, ಗೂಡ್ಸ್ ರೈಲು, ಮುಗಿಯುವ ಹಾಗೆ ಕಾಣಲಿಲ್ಲ.

"ಟೈಲರಮ್ಮನಿಗೆ ಯಾವತ್ತಾದ್ರೂ ಗೊತ್ತಾಗುತ್ತೆ," ಅಂದ ಅಪ್ಪ. "ಯಾರಾದ್ರೂ ಹೂವು ನೋಡಿ ಹೇಳಿಬಿಡ್ತಾರೆ, ಇದು ಅದಲ್ಲ ಅಂತ."

"ಯಾರು ಹೇಳ್ತಾರಪ್ಪಾ? ಬೀದಿಯವರು ನೋಡಿದ್ದೆಲ್ಲ ಮುದುರಿದ ಮೊಗ್ಗು. ಅದು ಅರಳಿದ್ದನ್ನ ಸರಿಯಾಗಿ ಕಂಡವರು ಇನ್ನು ನಾವಿಬ್ಬರೇ."

ಅಪ್ಪ ಡಬ್ಬಿಗಳನ್ನು ಎಣಿಸುವವನ ಹಾಗೆ ರೈಲನ್ನೇ ನೋಡುತ್ತಿದ್ದ. ಗೇಟು ತೆರೆದ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದ. ಹಿಂದಿನವರು ಹಾರ್ನ್ ಹೊಡೆದರು. ನಾನು ಅವನ ತೋಳು ಹಿಡಿದು ಹಳಿ ದಾಟಿಸಿದೆ.